ಕೆಂಪು ಚುಕ್ಕಿಯ ಚೀಟಿಗಳು

ಚೀಟಿಯನ್ನು ಕಣ್ಣಿನ ಹತ್ತಿರ ತಂದು, ಆಮೇಲೆ ತೋಳಿನಷ್ಟು ದೂರ ಹಿಡಿದು, ಬಾಬುಸಾಬ್ ಕೆಮ್ಮಿದ. ಅದು ಅವನ ಕೆಮ್ಮಲ್ಲ. ಮೊದಲು ಎರಡು ಸಣ್ಣ ಕೆಮ್ಮು, ನಡುವೆ ಒಂದು ಸಿಳ್ಳು, ಕೊನೆಗೆ ಬಾವಿಗೆ ಕೊಡ ಬಿದ್ದಂಥ ಸದ್ದು.

"ಇವ ಗಾಳೆಪ್ಪ, ಬಳಗಾನೂರಿನವ," ಎಂದ. "ಹೆಸರಿನ್ಯಾಗ ಇದ್ದಷ್ಟು ಗಾಳಿ ಎದಿಯಾಗ ಇದ್ದಿದ್ದಿಲ್ಲ, ಪಾಪ."

ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಸುಕನ್ಯಾ ನಗು ತಡೆದುಕೊಂಡು, "ಕಾಕಾ, ಹೆಸರು ಬ್ಯಾಡ್ರಿ," ಎಂದಳು. "ವಯಸ್ಸು, ಗಂಡೋ ಹೆಣ್ಣೋ, ತಾಲ್ಲೂಕು, ಕಾಯಿಲಿ, ಕೊಟ್ಟ ಔಷಧ, ಕೊನಿಗೆ ಏನಾತು. ಇಷ್ಟ ಹೇಳ್ರಿ."

ಬಾಬುಸಾಬ್ ಚೀಟಿಯನ್ನು ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಹಾಕಿದ. ಹೆಸರು ಬರುವ ಜಾಗಕ್ಕೆ ಸುಕನ್ಯಾ ಒಂದು ರಟ್ಟಿನ ಪಟ್ಟಿ ಇಟ್ಟಳು. ಬೆಳಕು ಒಮ್ಮೆ ಆ ಕಡೆಯಿಂದ ಈ ಕಡೆ ಹಾಯಿತು. ಗಾಳೆಪ್ಪ ಒಂದು ಅಂಕಿಯಾದ.

ಪಕೀರಪ್ಪ ಡಾಕ್ಟರ ಆಸ್ಪತ್ರೆ ಸಿಂಧನೂರಿನ ಅಕ್ಕಿ ಗಿರಣಿಗಳ ಬೆನ್ನಿಗೆ ಅಂಟಿಕೊಂಡಂತಿತ್ತು. ಗಿರಣಿಯಲ್ಲಿ ಭತ್ತ ಬೆಂದರೆ ಇಲ್ಲಿ ರೋಗಿಗಳ ಹೊಟ್ಟೆ ಚುರ್ ಎನ್ನುತ್ತಿತ್ತು. ಹೊಟ್ಟು ಹಾರಿದರೆ ಇಲ್ಲಿ ಡಾಕ್ಟರ ಟೇಬಲ್ಲಿನ ಮೇಲೆ ಕೂರುತ್ತಿತ್ತು. ಡಾಕ್ಟರು ತೀರಿಕೊಂಡು ಆರು ವರ್ಷ. ಮಗಳು ಅಂಬಿಕಾ, ಅವಳೂ ಡಾಕ್ಟರೇ, ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಿಸುವವಳಿದ್ದಳು. ಹಿಂದಿನ ಕೋಣೆಯಲ್ಲಿ ಮೂವತ್ತು ವರ್ಷದ ಚೀಟಿಗಳು ಅಕ್ಕಿಚೀಲಗಳಲ್ಲಿ ಇಸವಿಯ ಪ್ರಕಾರ ನಿಂತಿದ್ದವು. ಕಾಲುವೆ ಬಂದ ಮೇಲೆ, ಕಾಲುವೆಯ ಹಿಂದೆ ಭತ್ತ ಬಂದ ಮೇಲೆ, ಭತ್ತದ ಹಿಂದೆ ಕೀಟನಾಶಕ ಬಂದ ಮೇಲೆ ಈ ಸೀಮೆಯ ಜನರ ಮೈಗೆ ಏನಾಯಿತು ಎಂದು ಒಂದು ಸಂಶೋಧನಾ ಸಂಸ್ಥೆ ಹುಡುಕುತ್ತಿತ್ತು. ಅವರು ಅಂಬಿಕಾಳನ್ನು ಕೇಳಿದರು. ಹೆಸರು ತೆಗೆದು ಕೊಡುವುದಾದರೆ ಆಗಲಿ ಎಂದು ಅವಳು ಒಪ್ಪಿದಳು. ಆಸ್ಪತ್ರೆಯಲ್ಲಿ ಮಲಗಿ ಔಷಧ ಪಡೆದವರ ಕೆಲವು ನೂರು ಚೀಟಿಗಳಷ್ಟೇ ಅವರಿಗೆ ಬೇಕಿದ್ದವು. ಕೆಲಸ ಮುಗಿದ ಮೇಲೆ, ಬರುವ ಶನಿವಾರ, ಚೀಟಿಗಳೆಲ್ಲ ರದ್ದಿಗೆ.

ಆದರೆ ಡಾಕ್ಟರ ಅಕ್ಷರ ಎಂದರೆ ಇರುವೆ ಮಸಿಯಲ್ಲಿ ಕಾಲು ಅದ್ದಿಕೊಂಡು ಸಂತೆಗೆ ಹೊರಟಂತೆ. ಮಗಳಿಗೂ ಓದಲಾಗಲಿಲ್ಲ. ಮೂವತ್ನಾಲ್ಕು ವರ್ಷ ಅವರ ಕೈಕೆಳಗೆ ಕಂಪೌಂಡರಾಗಿದ್ದ ಬಾಬುಸಾಬ್‌ಗೆ ಕರೆ ಹೋಯಿತು. ಹೆಸರು ತೆಗೆಯಬೇಕು ಎಂದು ಅಂಬಿಕಾ ಹೇಳಿದಾಗ ಅವನು, ಹೆಸರು ಒಡೆದರೆ ಬೇಳೆಯಾದರೂ ಆದೀತು, ತೆಗೆದರೆ ಚೀಲದಲ್ಲಿ ಏನು ಉಳಿಯುತ್ತದೆ ಎಂದು ಕೇಳಿ ಅವಳನ್ನು ನಗಿಸಿದ್ದ. ನಗಿಸಿದನೇ ಹೊರತು ಅವನಿಗೆ ಒಳಗೊಳಗೇ ಕಸಿವಿಸಿಯಾಗಿತ್ತು. ಯಾಕೆಂದರೆ ಪಟ್ಟಿಯ ಕೆಳಗೆ ಹೋಗುತ್ತಿದ್ದುದು ಬರೀ ಹೆಸರಲ್ಲ, ಅವನ ಸ್ವಂತ ಬರವಣಿಗೆ.

ಈ ಕಡೆ ಮೊಹರಮ್ಮಿನಲ್ಲಿ ಹರಕೆ ಹೊತ್ತು ಹುಟ್ಟಿದ ಮಕ್ಕಳಿಗೆ, ಮನೆಯಲ್ಲಿ ಲಿಂಗವಿರಲಿ ಕುರಾನಿರಲಿ, ಹುಸೇನನ ಹೆಸರೇ. ಹುಸೇನಪ್ಪ, ಹುಸೇನಮ್ಮ, ಹುಸೇನ್‌ಸಾಬ್, ಹುಸೇನ್‌ಬೀ. ಒಂದೇ ಬೆಳಿಗ್ಗೆ ಬೆಂಚಿನ ಮೇಲೆ ಆರು ಜನ ಹುಸೇನಮ್ಮಂದಿರು ಕೂತು, ಒಬ್ಬಳ ಹೆಸರು ಕೂಗಿದರೆ ಆರೂ ಜನ ಎದ್ದು ನಿಂತ ಮೇಲೆ ಬಾಬುಸಾಬ್ ಚೀಟಿಯ ನೆತ್ತಿಯ ಮೇಲೆ 'ಗುರುತು' ಎಂದೊಂದು ಸಾಲು ಶುರುಮಾಡಿದ್ದ. 'ಕಾಲುವಿ ಏರಿಯ ಚಾದಂಗಡಿಯಾಕಿ.' 'ಎರಡು ಸಲ ಎಮ್ಮಿ ಕಳಕೊಂಡಾಕಿ.' 'ಗಂಡನಕಿಂತ ಎತ್ತರ.' ಡಾಕ್ಟರು ಅದನ್ನು ಓದಿಯೇ ಅರ್ಧ ಕಾಯಿಲೆ ಹಿಡಿಯುತ್ತಿದ್ದರು. ಈಗ ಅದೆಲ್ಲ ರಟ್ಟಿನ ಕೆಳಗೆ. ಮೊದಲ ಎರಡು ದಿನ ಬಾಬುಸಾಬ್ ಪ್ರತಿ ಗುರುತನ್ನೂ ಜೋರಾಗಿ ಓದಿ, ಆ ಮನುಷ್ಯನ ಹಾಗೇ ಮಾತಾಡಿ, ನರಳಿ, ಸೀನಿ, ಆಮೇಲೆಯೇ ಮುಚ್ಚಲು ಕೊಡುತ್ತಿದ್ದ. ಸಂಸ್ಥೆ ಕಳಿಸಿದ, ಮಾನ್ವಿ ಕಡೆಯ ಸುಕನ್ಯಾಳಿಗೆ ದಿನಕ್ಕೆ ಇನ್ನೂರು ಚೀಟಿ ಮುಗಿಸುವ ಗಡುವಿತ್ತು. ಎಂಬತ್ತು ಮುಗಿಯುತ್ತಿದ್ದವು. ಅವಳು ಬೈಯಲಿಲ್ಲ. ಎರಡನೆಯ ದಿನ ಸಂಜೆ, ಆ ಎಮ್ಮೆ ಕಳೆದುಕೊಂಡವಳು ಮತ್ತೆ ಎಮ್ಮೆ ಕೊಂಡಳೇ ಎಂದು ತಾನೇ ಕೇಳಿದಳು.

ಮೂರನೆಯ ದಿನ ಬುಧವಾರ. ಸುಕನ್ಯಾ ಒಂದು ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಕಾಕಾ, ಈ ಮೂಲ್ಯಾಗ ಕೆಂಪು ಚುಕ್ಕಿ ಯಾಕೈತಿ? ಇಂಥವು ಬಾಳ ಬಂದಾವು. ಎಲ್ಲಾದರಾಗೂ ವಾಂತಿ-ಭೇದಿ ಅಂತ ಬರದಾರ."

ಬಾಬುಸಾಬ್ ಕನ್ನಡಕ ಒರೆಸಿದ. ಗಾಯಕ್ಕೆ ಹಚ್ಚುವ ಕೆಂಪೌಷಧ ಸಿಡಿದಿರಬೇಕು ಎಂದ. ಸಿಡಿದದ್ದು ಪ್ರತಿ ಸಲ ಬಲಗಡೆಯ ಮೂಲೆಗೇ ಹೇಗೆ ಬಿತ್ತು ಎಂದು ಅವಳು ಕೇಳಲಿಲ್ಲ. ಕೇಳಬೇಕೆಂದಿದ್ದು ಮುಖದಲ್ಲಿ ಕಂಡಿತು. ಅದರ ಬದಲು, ತನ್ನ ಮೇಲಿನವರಿಗೆ ಒಂದು ವಿಚಿತ್ರ ಕಂಡಿದೆ ಎಂದು ಹೇಳಿದಳು. ಸುತ್ತ ಇಷ್ಟು ಭತ್ತ, ಇಷ್ಟು ಹತ್ತಿ, ಮನೆಮನೆಯ ಮಾಡಿನಲ್ಲೂ ಎಣ್ಣೆಯ ಡಬ್ಬಿ. ಬೆಳೆಗೆ ಹೊಡೆಯುವ ವಿಷಕ್ಕೆ ಈ ಸೀಮೆಯವರು ಎಣ್ಣೆ ಎಂದೇ ಅನ್ನುವುದು. ಆದರೂ ಇಲ್ಲಿಯ ತನಕ ನೋಡಿದ ಚೀಟಿಗಳಲ್ಲಿ ಎಣ್ಣೆ ಕುಡಿದು ಬಂದವರು ಬರೀ ನಾಲ್ಕು ಜನ. ಕಾಗದದಲ್ಲಿ ಇದ್ದದ್ದನ್ನೇ ನಂಬಬೇಕು. ಇಲ್ಲಿ ಅಂಥ ತೊಂದರೆ ಇರಲಿಲ್ಲ ಎಂದೇ ವರದಿ ಹೋಗುತ್ತದೆ.

"ನಾಕ," ಎಂದ ಬಾಬುಸಾಬ್. ಮುಂದಿನ ಚೀಟಿ ಎತ್ತಿಕೊಂಡ. ಆ ದಿನ ಅವನು ಯಾರ ಕೆಮ್ಮನ್ನೂ ಕೆಮ್ಮಲಿಲ್ಲ. ನೂರತೊಂಬತ್ತು ಚೀಟಿ ಮುಗಿದವು.

ಚುಕ್ಕೆ ಸಿಡಿದದ್ದಲ್ಲ. ಬೆಂಕಿಕಡ್ಡಿಯ ಹಿಂಬದಿಯನ್ನು ಕೆಂಪೌಷಧದಲ್ಲಿ ಅದ್ದಿ ಅವನೇ ಇಟ್ಟದ್ದು. ಮೊದಲನೆಯದನ್ನು ಗದ್ದೆಮ್ಮನ ಚೀಟಿಯ ಮೇಲೆ. ಮೂವತ್ತು ವರ್ಷ ದಾಟಿತು. ಸಂತೆಯ ದಿನ ಮಟಮಟ ಮಧ್ಯಾಹ್ನ ಬಳಗಾನೂರಿನಿಂದ ಗಾಡಿಯಲ್ಲಿ ಹಾಕಿಕೊಂಡು ಬಂದಿದ್ದರು. ಮದುವೆಯಾಗಿ ಎಂಟು ತಿಂಗಳಾದ, ಹತ್ತೊಂಬತ್ತರ ಹುಡುಗಿ. ಸಂಜೆಯ ತನಕ ಡಾಕ್ಟರೂ ಬಾಬುಸಾಬೂ ಅವಳ ಎರಡೂ ಪಕ್ಕ ಬಿಡಲಿಲ್ಲ. ಹೊರಗೆ ಬೆಂಚಿನ ಮೇಲಿದ್ದ ರೋಗಿಗಳು ತಾವಾಗಿಯೇ ಎದ್ದು ಹೋದರು. ಮೂರನೆಯ ದಿನ ಅವಳು ಗೋಡೆಗೆ ಒರಗಿ ಕೂತು ಗಂಜಿ ಕೇಳಿದಳು. ಯಾಕೆ ಎಣ್ಣೆ ಕುಡಿದಳೆಂಬುದನ್ನು ಡಾಕ್ಟರಿಗೆ ಹೇಳಿದಳು. ಕೇಳಿದವರೂ ಡಾಕ್ಟರೇ, ಮರೆತವರೂ ಡಾಕ್ಟರೇ. ಗಂಜಿಯ ಬಟ್ಟಲು ತೆಗೆದುಕೊಳ್ಳಲು ಬಾಗಿದ ಬಾಬುಸಾಬನಿಗೆ ಮಾತ್ರ ಅವಳು ಎರಡೂ ಕೈ ಮುಗಿದು, "ಅಣ್ಣಾ, ಯಾರಿಗೂ ಹೇಳಬ್ಯಾಡ್ರಿ," ಎಂದಿದ್ದಳು.

ವಿಷ ಎಂದು ಬರೆದರೆ ಪೊಲೀಸರು ಬರುತ್ತಾರೆ, ಹೇಳಿಕೆ ಬರುತ್ತದೆ, ಹೇಳಿಕೆಯ ಬೆನ್ನಿಗೆ ಊರೇ ಬರುತ್ತದೆ. ಡಾಕ್ಟರು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದರು. ಸುಳ್ಳು ಬರೆಯುವುದು ತಪ್ಪೆಂದು ಅವರಿಗೆ ಗೊತ್ತಿತ್ತು. ಕೊನೆಗೆ ವಾಂತಿ-ಭೇದಿ ಎಂದು ಬರೆದು, ಗುರುತಿಗೆ ಒಂದು ಚುಕ್ಕೆ ಇಡು ಎಂದರು. ಈ ಚುಕ್ಕೆ ನಾನು ಸತ್ತ ಮೇಲೂ ಬಾಯಿಬಿಡಬಾರದು ಎಂದೂ ಅಂದರು. ಮುಂದೆ ಚುಕ್ಕೆಯ ಚೀಟಿಯವರು ಯಾವಾಗ ಬರಲಿ, ನೆಗಡಿಗೇ ಬರಲಿ, ಡಾಕ್ಟರು ಸ್ಟೆತಸ್ಕೋಪ್ ತೆಗೆದಿಟ್ಟು ಮನೆಯಲ್ಲಿ ಹೇಗಿದೆ ಎಂದು ಮೊದಲು ಕೇಳುತ್ತಿದ್ದರು. ಹೊರಗೆ ಸರದಿ ಎಷ್ಟೇ ಉದ್ದವಿರಲಿ, ಉತ್ತರ ಬರುವ ತನಕ ಸುಮ್ಮನೆ ಕೂರುತ್ತಿದ್ದರು. ಹೀಗೆ ಅರವತ್ತಮೂರು ಚುಕ್ಕೆಗಳು. ಎಷ್ಟೆಂದು ಗೊತ್ತಿದ್ದದ್ದು ಇಬ್ಬರಿಗೆ. ಈಗ ಒಬ್ಬನಿಗೆ.

ಅವತ್ತು ಮನೆಯಲ್ಲಿ ಅವನು ಊಟ ಅರ್ಧಕ್ಕೆ ಬಿಟ್ಟ. ಹೆಂಡತಿ ಮಕ್ತುಂಬೀ, "ಕ್ಯಾ ಹುವಾ ಜೀ, ಪೇಟ್ ದುಖ್ತಾ ಕ್ಯಾ," ಎಂದು ಕೇಳಿ, ಹೊಟ್ಟೆನೋವೆಂದೇ ತೀರ್ಮಾನಿಸಿ ಜೀರಿಗೆ ನೀರು ಕುದಿಸಿದಳು. ಅವಳಿಗೂ ಅವನು ಹೇಳಿರಲಿಲ್ಲ. ಹೇಳಿದರೆ ಮಾತು ಕೊಟ್ಟದ್ದು ಹೋಯಿತು. ಹೇಳದಿದ್ದರೆ ಶನಿವಾರ ಚೀಟಿಗಳು ಹೋದವು, ಆ ಅರವತ್ತಮೂರು ಜನ ಏನು ಕುಡಿದರೆಂಬುದು ಎಂದೆಂದಿಗೂ ವಾಂತಿ-ಭೇದಿಯಾಗಿಯೇ ಉಳಿಯಿತು. ಜೀರಿಗೆ ನೀರು ಕುಡಿದು ಮಲಗಿದ. ಬೆಳಿಗ್ಗೆ ಎದ್ದವನೇ ಮಸ್ಕಿಯ ಬಸ್ಸು ಹತ್ತಿದ.

ಗದ್ದೆಮ್ಮ ಮಸ್ಕಿಯಲ್ಲಿ ರೊಟ್ಟಿ ಬಡಿದು ಮಾರುತ್ತಾಳೆಂದು ಅವನಿಗೆ ಗೊತ್ತಿತ್ತು. ಬಸ್‌ಸ್ಟ್ಯಾಂಡಿನಿಂದ ಹೊರಬಿದ್ದರೆ ಎಡಗಡೆಗೆ ತಗಡಿನ ಅಂಗಡಿ, ಬೋರ್ಡಿನ ಮೇಲೆ ಅವಳದೇ ಹೆಸರು. ಮಸ್ಕಿಗೆ ಬಂದಾಗಲೆಲ್ಲ ಅವನು ಬೇಕೆಂದೇ ರಸ್ತೆ ದಾಟಿ ಬಲಗಡೆಯಿಂದ ಹೋಗುತ್ತಿದ್ದ. ತನ್ನ ಮುಖ ನೋಡಿದರೆ ಅವಳಿಗೆ ಆ ಮಧ್ಯಾಹ್ನ ನೆನಪಾದೀತು ಎಂದು. ಇವತ್ತು ಎಡಗಡೆಯಿಂದಲೇ ಹೋಗಿ ಅಂಗಡಿಯ ಮುಂದೆ ನಿಂತ. ಒಲೆಯ ಮುಂದೆ ಕೂತಿದ್ದ, ಮೈ ತುಂಬಿದ, ಹಣೆಯ ಕೂದಲಿಗೆ ಹಿಟ್ಟು ಹತ್ತಿದ ಹೆಂಗಸು ತಲೆ ಎತ್ತಲಿಲ್ಲ.

"ಬರ್ರಿ ಕಂಪೌಂಡರ್ ಅಣ್ಣಾರ," ಎಂದಳು. "ಇವತ್ತು ರಸ್ತೆ ದಾಟೋದು ಮರತೀರೇನು?"

ಬಾಬುಸಾಬ್ ರಸ್ತೆಯ ಬಲಗಡೆಗೊಮ್ಮೆ ನೋಡಿದ.

"ಹನ್ನೆರಡು ವರ್ಷದಿಂದ ನೋಡಾಕತ್ತೀನಿ. ಬಸ್ಸಿಳದ ಕೂಡ್ಲೆ ಆ ಕಡೆ ಓಡ್ತೀರಿ. ನಾ ಏನು ನಾಯಿ ಏನ್ರಿ, ಕಡಿಯಾಕ? ಕುಂದರ್ರಿ."

ಅವನು ಕಲ್ಲಿನ ಮೇಲೆ ಕೂತ. ಅಂಗಡಿಯಲ್ಲಿ ಇನ್ನೊಬ್ಬ ಹೆಂಗಸು ಹಿಟ್ಟು ನಾದುತ್ತಿದ್ದಳು, ಗದ್ದೆಮ್ಮನ ಸೊಸೆ. ಅವಳ ಕಡೆ ನೋಡಿ ಬಾಬುಸಾಬ್ ಮಾತು ನುಂಗಿದ. ಗದ್ದೆಮ್ಮ ಅದನ್ನೂ ಕಂಡಳು. ಇವಳಿಗೆ ಗೊತ್ತು ಎಂದಳು. ಮಸ್ಕಿಯಲ್ಲಿ ಅರ್ಧ ಹೆಂಗಸರಿಗೆ ಗೊತ್ತು ಎಂದಳು. ಸಂಘದ ಸಭೆಯಲ್ಲಿ ತಾನೇ ಎದ್ದು ನಿಂತು ಹೇಳಿದ್ದಾಳಂತೆ. ಯಾರ ಮನೆಯಲ್ಲಾದರೂ ಹುಡುಗಿಯೊಬ್ಬಳು ಮಾತು ಬಿಟ್ಟು ಮೂಲೆ ಹಿಡಿದರೆ ಇವಳನ್ನು ಕರೆಯುತ್ತಾರಂತೆ. ಹೋಗಿ ಪಕ್ಕದಲ್ಲಿ ಕೂತು, ನಾನು ಕುಡಿದವಳು, ಈಗ ನನ್ನನ್ನು ನೋಡು, ಎನ್ನುತ್ತಾಳಂತೆ. ಬಾಬುಸಾಬ್ ಮೂವತ್ತು ವರ್ಷ ತಲೆಯ ಮೇಲೆ ಹೊತ್ತು ತಂದ ಗಂಟನ್ನು ಆಕೆ ಯಾವಾಗಲೋ ಬಿಚ್ಚಿ ಊರಿಗೆಲ್ಲ ಹಂಚಿಬಿಟ್ಟಿದ್ದಳು. ಅವನಿಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಬಂದ ಕಾರಣವನ್ನು ಹೇಳಿದ. ಚೀಟಿ, ಚುಕ್ಕೆ, ಕಂಪ್ಯೂಟರಿನ ಹುಡುಗಿ, ರಟ್ಟಿನ ಪಟ್ಟಿ, ಶನಿವಾರದ ರದ್ದಿ ಎಲ್ಲವನ್ನೂ.

ಗದ್ದೆಮ್ಮ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು. ಅದು ಉಬ್ಬುವ ತನಕ ಕಾದು, ತಿರುವಿ ಹಾಕಿ, ಆಮೇಲೆ ಮಾತಾಡಿದಳು.

"ಅವತ್ತು ನಾ ಕೈ ಮುಗದಿದ್ದು ನನ್ನ ಹೆಸರು ಹೇಳಬ್ಯಾಡ್ರಿ ಅಂತ. ಎಣ್ಣಿ ಹೆಸರು ಹೇಳಬ್ಯಾಡ್ರಿ ಅಂತ ಅಲ್ರಿ ಅಣ್ಣಾ."

ಉಳಿದವರನ್ನೆಲ್ಲ ಕೇಳುವುದು ಹೇಗೆ ಎಂದು ಅವನು ಕೇಳಿದಾಗ, ಅವರ ಪರವಾಗಿ ಹೇಳುವ ಬಾಯಿ ತನಗಿಲ್ಲ ಎಂದಳು. ಹೆಸರು ಮುಚ್ಚಿದರೆ ಸಾಲದು, ನಮ್ಮ ಕಡೆ ಊರು ಹೇಳಿದರೆ ಓಣಿ ಹೇಳುತ್ತಾರೆ, ಓಣಿ ಹೇಳಿದರೆ ಬಾಗಿಲು ತೋರಿಸುತ್ತಾರೆ, ಅದನ್ನೂ ಮುಚ್ಚಿಸಿ ಎಂದಳು. ಆಮೇಲೆ, ತನ್ನ ಚೀಟಿಯ ಕೊನೆಗೆ ಏನು ಬರೆದಿದ್ದಾರೆ ಎಂದು ಕೇಳಿದಳು.

"ಬಿಡುಗಡೆ ಅಂತ ಐತಿ. ಎಲ್ಲಾರಿಗೂ ಹಂಗ ಬರೀತಿದ್ರು."

"ಬಿಡುಗಡಿ ಅಂದ್ರ ಸತ್ತಾಕಿಗೂ ಬಿಡುಗಡಿನ. ಬದುಕ್ಯಾಳ ಅಂತ ಬರಸ್ರಿ."

ಎದ್ದು ಹೊರಡುವಾಗ ಸೊಸೆ ಹತ್ತು ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಮುಂದಿನ ಸಲ ರಸ್ತೆ ದಾಟಿದರೆ ಕೂಗಿ ಮಾನ ಕಳೆಯುವುದಾಗಿ ಗದ್ದೆಮ್ಮ ಒಳಗಿನಿಂದಲೇ ಹೇಳಿದಳು.

ಮಧ್ಯಾಹ್ನ ಅವನು ಸಿಂಧನೂರಿನ ಆ ಹಿಂದಿನ ಕೋಣೆಗೆ ಬಂದಾಗ ಸುಕನ್ಯಾ ಒಬ್ಬಳೇ ಡಾಕ್ಟರ ಇರುವೆಗಳ ಜೊತೆ ಗುದ್ದಾಡುತ್ತಿದ್ದಳು. ಬಾಬುಸಾಬ್ ಮುಂದೆ ಕೂತು ಚುಕ್ಕೆ ಏನೆಂದು ಹೇಳಿದ. ಡಾಕ್ಟರು ಮಾಡಿದ್ದು ತಪ್ಪೆಂದು ಸಂಸ್ಥೆಯವರು ಅಂದರೆ ಅನ್ನಲಿ, ಚುಕ್ಕೆ ಇಟ್ಟ ಕೈ ತನ್ನದು, ಅದನ್ನೂ ಬರೆದುಕೋ ಎಂದ. ಆಮೇಲೆ ಷರತ್ತು ಹಾಕಿದ. ಈ ಅರವತ್ತಮೂರರಲ್ಲಿ ತಾಲ್ಲೂಕೂ ಬೇಡ, ತಿಂಗಳೂ ಬೇಡ, ಮಾಡುತ್ತಿದ್ದ ಕೆಲಸವೂ ಬೇಡ. ವಯಸ್ಸು ಹತ್ತೊಂಬತ್ತು ಎಂದು ಬೇಡ, ಇಪ್ಪತ್ತರ ಒಳಗೆ ಎಂದರೆ ಸಾಕು. ತಮ್ಮ ನಿಯಮದಲ್ಲೂ ಹೆಚ್ಚುಕಡಿಮೆ ಹಾಗೇ ಇದೆ, ಸಂಖ್ಯೆ ಕಡಿಮೆ ಇದ್ದಲ್ಲಿ ಮನುಷ್ಯ ಕಾಣದ ಹಾಗೆ ಮಸುಕು ಮಾಡಬೇಕು ಎಂದಳು ಸುಕನ್ಯಾ. ಆಸ್ಪತ್ರೆಯ ಮಾತು ಬಂದದ್ದರಿಂದ ಅಂಬಿಕಾಳನ್ನೂ ಕರೆದರು. ಅವಳು ಬಾಗಿಲಿಗೆ ಒರಗಿ ಎಲ್ಲ ಕೇಳಿ, ಅಪ್ಪ ಊಟದ ಹೊತ್ತಿನಲ್ಲಿ ಕೆಲವು ಸಲ ಯಾಕೆ ಅಷ್ಟು ಸುಮ್ಮನೆ ಇರುತ್ತಿದ್ದರೆಂದು ಈಗ ತಿಳಿಯಿತು ಎಂದಳು. ಬರೆಯಿರಿ ಎಂದಳು. ನಿಂತೇ ಒಂದು ರೊಟ್ಟಿ ತಿಂದು ಒಪಿಡಿಗೆ ಹೋದಳು.

ಅವನು ಒಂದೊಂದೇ ಓದಿದ. ಸುಕನ್ಯಾ ಬೆರಳಾಡಿಸಿದಳು. ಕೊನೆಯ ಅಂಕಣಕ್ಕೆ ಬಂದಾಗ ಮಾತ್ರ ಅವನು ಚೀಟಿ ನೋಡದೆ ಹೇಳುತ್ತಿದ್ದ. ಬದುಕ್ಯಾನ. ಬದುಕ್ಯಾಳ, ಮೂರು ಮಕ್ಕಳು. ಮಕ್ಕಳು ಬೇಡ ಕಾಕಾ, ಎನ್ನುತ್ತಿದ್ದಳು ಸುಕನ್ಯಾ. ಇವ ಹೋದ. ಇವಳು ಬದುಕಿ, ಮೂವತ್ತು ವರ್ಷ ಬಾಳಿ, ಮೊನ್ನೆ ಸಕ್ಕರೆ ಕಾಯಿಲೆಯಲ್ಲಿ ಹೋದಳು. ಇದಕ್ಕೆ ಏನು ಬರೀತಿ? ಬದುಕಿದಳು ಎಂದೇ ಸುಕನ್ಯಾ ಬರೆದಳು. ಶುಕ್ರವಾರ ಹೊತ್ತು ಇಳಿಯುವುದರೊಳಗೆ ಅರವತ್ತೆರಡು ಮುಗಿದವು. ಉಳಿದದ್ದು ಒಂದು. ಹುಸೇನ್‌ಬೀ. ಕೊನೆಯ ಅಂಕಣ ಖಾಲಿ. ಎರಡನೆಯ ದಿನವೇ, ಇನ್ನೂ ನೆಟ್ಟಗೆ ಕಣ್ಣು ಬಿಡುವ ಮೊದಲೇ, ತವರಿನವರು ಹೇಳದೆ ಎತ್ತಿಕೊಂಡು ಹೋಗಿದ್ದರು. ಮತ್ತೆ ಬಂದಿರಲಿಲ್ಲ. ಖಾಲಿ ಮಂಚ ಕಂಡು ಡಾಕ್ಟರು ಅವತ್ತು ಬಾಬುಸಾಬನ ಮೇಲೆ ಕೂಗಾಡಿದ್ದರು. ಜೀವಮಾನದಲ್ಲಿ ಅದೊಂದೇ ಸಲ.

"ಗೊತ್ತಿಲ್ಲ ಅಂತ ಹಾಕ್ತೀನ್ರಿ," ಎಂದಳು ಸುಕನ್ಯಾ. "ಅದಕ್ಕೂ ಒಂದು ಕೋಡ್ ಐತಿ."

"ನಾಳಿ ಮಧ್ಯಾಹ್ನದ ಮಟ ತಡಿ."

ಪಟ್ಟಿ ಇಡುವ ಮೊದಲು ಅವನು ತನ್ನದೇ ಅಕ್ಷರದ ಗುರುತನ್ನು ಇನ್ನೊಮ್ಮೆ ಓದಿಕೊಂಡ. 'ಲಿಂಗಸುಗೂರು. ಬೇವಿನಗಿಡದ ಓಣಿ. ಅಣ್ಣ ಗಡಿಯಾರ ರಿಪೇರಿ. ಎಡಗೈಯಿಂದ ಉಣ್ಣುತ್ತಾಳೆ, ಬೈದರೂ ಕೇಳುವುದಿಲ್ಲ.'

ಶನಿವಾರ ಲಿಂಗಸುಗೂರಿನಲ್ಲಿ ಬೇವಿನಗಿಡದ ಓಣಿಗೆ ಬೇವಿನಗಿಡವಿರಲಿಲ್ಲ. ಗಡಿಯಾರದ ಅಂಗಡಿ ಮೊಬೈಲಿನ ಅಂಗಡಿಯಾಗಿತ್ತು. ಆದರೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತವನು ಗಡಿಯಾರದವನ ಮಗ. ಬಾಬುಸಾಬ್ ತಾನು ಯಾರೆಂದು ಹೇಳಲಿಲ್ಲ. ಹಳೆಯ ಗಡಿಯಾರದ ನೆವ ತೆಗೆದು, ನಿಮ್ಮ ಅಪ್ಪ, ನಿಮ್ಮ ಅಜ್ಜಿ, ಎಂದು ಸುತ್ತು ಬಳಸಿ ಅತ್ತೆಯ ತನಕ ಬಂದ. ಅತ್ತೆಯೇ, ಅವರು ಎದುರಿನ ಸಂದಿಯಲ್ಲಿ ಹಸಿರು ಬಾಗಿಲಿನ ಮನೆ ಎಂದು ಹುಡುಗ ಮೊಬೈಲಿನಿಂದ ಕಣ್ಣೆತ್ತದೆ ಹೇಳಿದ.

ಬಾಬುಸಾಬ್ ಸಂದಿಯ ಬಾಯಿಯ ತನಕ ಹೋಗಿ ನಿಂತ. ಮುಂದೆ ಹೋಗಲಿಲ್ಲ. ಗದ್ದೆಮ್ಮ ಗದ್ದೆಮ್ಮನೇ, ಈಕೆ ಯಾರಿಗೆ ಹೇಳಿದ್ದಾಳೋ, ಯಾರಿಗೆ ಹೇಳಿಲ್ಲವೋ. ಬಾಗಿಲು ಬಡಿದರೆ ಒಳಗಿನಿಂದ ಯಾರೆಂದು ಕೇಳುತ್ತಾರೆ. ಅವನು ಒಂದು ಕಟ್ಟೆಯ ನೆರಳಿಗೆ ಕೂತು ಬೀಗರ ಮನೆಯ ದಾರಿ ತಪ್ಪಿಸಿಕೊಂಡವನ ಮುಖ ಮಾಡಿಕೊಂಡ. ಅರ್ಧ ತಾಸು ಹಾಗೇ ಕೂತ. ತರಕಾರಿಯ ತಳ್ಳುಗಾಡಿ ಬಂತು. ಹಸಿರು ಬಾಗಿಲು ತೆರೆಯಿತು.

ನರೆತ ಕೂದಲು, ಹೆಗಲಿಂದ ಜಾರಿದ ದುಪಟ್ಟ. ಕೊತ್ತಂಬರಿ ಎಂದು ನೀನು ಮಾರುವುದು ಕೊತ್ತಂಬರಿಯೋ ನೀರೋ ಎಂದು ಅವಳು ಗಾಡಿಯವನನ್ನು ಕೇಳುತ್ತಿದ್ದಳು. ಗಾಡಿಯವನು ಏನೋ ಅಂದ. ಅದಕ್ಕೆ ಅವಳು ಅವನ ತಕ್ಕಡಿಯನ್ನೂ ಅವನ ಊರನ್ನೂ ಸೇರಿಸಿ ಒಂದು ಮಾತಂದಳು. ಅಕ್ಕಪಕ್ಕದ ಎರಡು ಕಿಟಕಿಗಳಿಂದ ನಗು ಕೇಳಿತು. ಕಟ್ಟನ್ನು ಅವಳು ಎಡಗೈಯಲ್ಲಿ ಹಿಡಿದಿದ್ದಳು.

ಬಾಬುಸಾಬ್ ಸಂದಿಯ ಆಚೆ ತಿರುಗಿ ನಿಂತು ಫೋನು ಹಚ್ಚಿದ.

"ಬದುಕ್ಯಾಳ ಅಂತ ಬರಿ."

"ಖಾತ್ರಿ ಐತೇನ್ರಿ ಕಾಕಾ? ಮಾತಾಡ್ಸಿದ್ರೇನು?"

"ಇಲ್ಲ. ಜಗಳಾಡಾಕತ್ತಾಳ."

ಆ ಕಡೆ ಕೀಲಿಗಳ ಸದ್ದು ಕೇಳಿತು. ಫೋನನ್ನು ಅಂಗಿಯ ಕಿಸೆಯಲ್ಲಿಟ್ಟು ಅವನು ಇನ್ನೊಮ್ಮೆ ಆ ಕಡೆ ನೋಡಿದ. ಜಗಳ ಮುಗಿದಿತ್ತು. ಅವಳು ಕೊತ್ತಂಬರಿ ಕಟ್ಟಿನ ಬೇರನ್ನು ಗಾಡಿಯ ಚಕ್ರಕ್ಕೆ ಎರಡು ಸಲ ಬಡಿದು ಮಣ್ಣು ಉದುರಿಸಿದಳು. ಎತ್ತಿ ಮೂಗಿನ ಹತ್ತಿರ ಹಿಡಿದಳು. ಬಾಗಿಲನ್ನು ಮೊಣಕೈಯಿಂದ ನೂಕಿಕೊಂಡು ಒಳಗೆ ಹೋದಳು.